ದು ಫು ಕವಿಯ ಕಾವ್ಯವೂ ತಾಂಗ್ ಕಾಲದ ಚರಿತ್ರೆಯೂ

ನಮ್ಮ ಶಾಲೆಗಳ ಚರಿತ್ರೆಯ ಪಾಠಗಳಲ್ಲಿ ಚೀನ ದೇಶವು ಹೆಚ್ಚಾಗಿ ಯಾತ್ರಿಕರ ಜೊತೆಯಲ್ಲಿಯೇ ಪ್ರವೇಶಿಸಿ ಅವರ ಜೊತೆಯಲ್ಲಿಯೇ ನಿರ್ಗಮಿಸುತ್ತದೆ. ಫಾಹಿಯಾನ್ ಬಂದನು, ಹೋದನು. ಹ್ಯುಯೆನ್ ತ್ಸಾಂಗ್ ಬಂದನು, ಇಮ್ಮಡಿ ಪುಲಿಕೇಶಿಯ ನಾಡನ್ನೂ ಅಲ್ಲಿಯ ಜನರ ಸ್ವಾಭಿಮಾನವನ್ನೂ ವರ್ಣಿಸಿ ಬರೆದಿಟ್ಟನು, ಹೋದನು. ಅನಂತರ ಆ ದೇಶದಲ್ಲಿ ಏನಾಯಿತೆಂದು ಕೇಳುವ ವಿದ್ಯಾರ್ಥಿ ಅಪರೂಪ. ಕೇಳಿದರೆ ಹೇಳಬಲ್ಲ ಉಪಾಧ್ಯಾಯರೂ ಅಪರೂಪವೆಂದು ನಾವೇ ಒಪ್ಪಿಕೊಳ್ಳಬೇಕು. ಹ್ಯುಯೆನ್ ತ್ಸಾಂಗನು ಕ್ರಿ. ಶ. 664ರಲ್ಲಿ ಕಾಲವಾದನು. ಅದಾದ ನಾಲ್ವತ್ತೆಂಟು ವರ್ಷಗಳಿಗೆ, ಅದೇ ತಾಂಗ್ ವಂಶದ ಆಳಿಕೆಯಲ್ಲಿ, ಈಗಿನ ಹೆನಾನ್ ಪ್ರಾಂತದ ಗೊಂಗ್ ಎಂಬಲ್ಲಿ ದು ಫು ಜನಿಸಿದನು. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಇವನ ಹೆಸರನ್ನು ತು ಫು ಎಂದು ಬರೆಯುವುದುಂಟು. ಅವನು ಹುಟ್ಟಿದ 712ರಲ್ಲಿ ಬಾದಾಮಿಯ ಸಿಂಹಾಸನದಲ್ಲಿ ಚಾಲುಕ್ಯ ವಿಜಯಾದಿತ್ಯನಿದ್ದನು. ಕಾಲವಾದ 770ರಲ್ಲಿ ಚಾಲುಕ್ಯರು ಅಳಿದು ರಾಷ್ಟ್ರಕೂಟ ಒಂದನೆಯ ಕೃಷ್ಣನು ಆಳುತ್ತಿದ್ದನು. ಕಾಲಮಾನವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಲು ಇಷ್ಟು ಸಾಕು.

ಒಂಬತ್ತನೆಯ ಶತಮಾನದ ಮೆಂಗ್ ಚಿ ಎಂಬ ಲೇಖಕನ ಕಾಲದಿಂದಲೂ ಚೀನೀಯರು ದು ಫುವನ್ನು 'ಕವಿ-ಚರಿತ್ರಕಾರ' ಎಂಬರ್ಥದ ಬಿರುದಿನಿಂದ ಕರೆಯುತ್ತ ಬಂದಿದ್ದಾರೆ. ಕವಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲವೆಂದು ಕೆಲವರು ಹೇಳುವರು. ಚರಿತ್ರೆಯನ್ನು ಬೋಧಿಸುವ ನಮ್ಮಂಥವರಿಗೆ ಮಾತ್ರ ಆ ಬಿರುದು ಒಂದು ಪ್ರಶ್ನೆಯನ್ನು ತಂದೊಡ್ಡುತ್ತದೆ. ಕಾವ್ಯವನ್ನು ಎಷ್ಟರ ಮಟ್ಟಿಗೆ ಸಾಕ್ಷ್ಯವೆಂದು ಅಂಗೀಕರಿಸಬಹುದು? ರಾಜನ ಶಾಸನವನ್ನು ನಂಬುವಾಗ ತೋರುವ ಎಚ್ಚರವನ್ನೇ ಇಲ್ಲಿಯೂ ತೋರಬೇಕೆ, ಅಥವಾ ಕಣ್ಣೀರು ಕಂಡೊಡನೆ ತಲೆದೂಗಬೇಕೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಅವನ ಜೀವನವನ್ನು ಪರಿಶೀಲಿಸಲು ಯತ್ನಿಸುತ್ತೇವೆ. ವಿಲಿಯಂ ಹಂಗ್ ಎಂಬ ಚೀನೀ ವಿದ್ವಾಂಸರು 1952ರಲ್ಲಿ ಇಂಗ್ಲಿಷಿನಲ್ಲಿ ಬರೆದ ಜೀವನಚರಿತ್ರೆಯೂ, ಸ್ಟೀಫನ್ ಓವೆನ್ ಅವರು 2016ರಲ್ಲಿ ಆರು ಸಂಪುಟಗಳಲ್ಲಿ ಹೊರತಂದ ಸಮಗ್ರ ಭಾಷಾಂತರವೂ ಈ ದಾರಿಯನ್ನು ನಮ್ಮಂಥವರಿಗೆ ಸುಗಮಗೊಳಿಸಿವೆ.

ದು ಫುವಿನ ಮನೆತನ ವಿದ್ಯೆಗೂ ಅಧಿಕಾರಕ್ಕೂ ಹೆಸರಾದುದು. ಪೂರ್ವಜರಲ್ಲೊಬ್ಬನಾದ ದು ಯು ಸೇನಾನಿಯೂ ಪ್ರಾಚೀನ ಇತಿಹಾಸಗ್ರಂಥವೊಂದರ ವ್ಯಾಖ್ಯಾನಕಾರನೂ ಆಗಿದ್ದನು. ಅಜ್ಜ ದು ಷೆನ್‌ಯಾನ್ ಆಸ್ಥಾನದಲ್ಲಿ ಖ್ಯಾತಿವೆತ್ತ ಕವಿ. ತಾಯಿಯನ್ನು ಚಿಕ್ಕಂದಿನಲ್ಲಿಯೇ ಕಳೆದುಕೊಂಡ ಬಾಲಕನನ್ನು ಸೋದರತ್ತೆಯು ಸಾಕಿದಳು. ಅವಳ ಮಗನೂ ಇವನೂ ಒಟ್ಟಿಗೆ ಕಾಯಿಲೆ ಬಿದ್ದಾಗ ಮನೆಯ ಯಾವ ಮೂಲೆ ಶುಭವೆಂದು ಕಣಿ ಕೇಳಿ, ಆ ಜಾಗದಲ್ಲಿದ್ದ ತನ್ನ ಮಗನನ್ನು ಎಬ್ಬಿಸಿ ಅಣ್ಣನ ಮಗನನ್ನು ಮಲಗಿಸಿದಳಂತೆ. ಇವನು ಬದುಕಿದನು, ಅವಳ ಮಗ ಉಳಿಯಲಿಲ್ಲ. ಅತ್ತೆಯು ತೀರಿಕೊಂಡಾಗ ದು ಫು ಬರೆದ ಸ್ಮಾರಕಲೇಖದಲ್ಲಿ ಈ ಸಂಗತಿಯಿದೆ. ಇನ್ನೊಬ್ಬರ ಕಷ್ಟದ ಬೆಲೆಯಿಂದ ತಾನು ಸುಖವಾಗಿರುವೆನೆಂಬ ಅಳುಕು ಅವನ ಕಾವ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರ ಮೂಲ ಇಲ್ಲಿಯೇ ಇದ್ದೀತು ಎಂದು ನಮಗೆ ತೋರುತ್ತದೆ.

ತರುಣನಾಗಿದ್ದಾಗ ದೇಶಸಂಚಾರ, ಪರೀಕ್ಷೆ, ಪರೀಕ್ಷೆಯಲ್ಲಿ ಸೋಲು. 744ರಲ್ಲಿ ತನಗಿಂತ ಹನ್ನೊಂದು ವರ್ಷ ಹಿರಿಯನಾದ ಲಿ ಬೈ ಕವಿಯ ಪರಿಚಯವಾಯಿತು. ಇಬ್ಬರೂ ಕೆಲಕಾಲ ಜೊತೆಯಾಗಿ ತಿರುಗಾಡಿದರು. ಮುಂದೆ ಒಬ್ಬರನ್ನೊಬ್ಬರು ಕಾಣದಿದ್ದರೂ ದು ಫು ಕೊನೆಯವರೆಗೂ ಆ ಹಿರಿಯ ಮಿತ್ರನನ್ನು ನೆನೆದು ಪದ್ಯ ಬರೆಯುತ್ತಲೇ ಇದ್ದನು. 747ರಲ್ಲಿ ಚಕ್ರವರ್ತಿ ಷ್ವಾನ್‌ಜೊಂಗನು ವಿಶೇಷ ಪರೀಕ್ಷೆಯೊಂದನ್ನು ನಡೆಸಿದಾಗ ಪ್ರಧಾನಮಂತ್ರಿ ಲಿ ಲಿನ್‌ಫು ಒಬ್ಬನನ್ನೂ ತೇರ್ಗಡೆ ಮಾಡದೆ, ಪ್ರತಿಭಾವಂತರೆಲ್ಲರೂ ಈಗಾಗಲೇ ಪ್ರಭುಗಳ ಸೇವೆಯಲ್ಲಿದ್ದಾರೆ, ಹೊರಗೆ ಯಾರೂ ಉಳಿದಿಲ್ಲವೆಂದು ಅರಸನನ್ನು ಅಭಿನಂದಿಸಿದನು. ಪರೀಕ್ಷೆಯ ಫಲಿತಾಂಶವನ್ನು ಹೀಗೂ ಅರ್ಥೈಸಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಉಪಾಧ್ಯಾಯರಾದ ನಮಗೆ ಬೇರೆ ದೊರೆಯಲಾರದು! ದು ಫು ರಾಜಧಾನಿ ಚಾಂಗಾನಿನಲ್ಲಿ ಅವರಿವರ ಬಾಗಿಲು ಕಾಯುತ್ತ ಸುಮಾರು ಹತ್ತು ವರ್ಷ ಕಳೆದನು. 755ರಲ್ಲಿ ಸಣ್ಣ ಜಿಲ್ಲೆಯೊಂದರ ದಂಡಾಧಿಕಾರಿಯ ಕೆಲಸ ಬಂತು. ಜನರಿಗೆ ಛಡಿಯೇಟು ಹಾಕಿಸುವುದೂ ಅಂಥ ಹುದ್ದೆಯ ಕರ್ತವ್ಯಗಳಲ್ಲೊಂದು. ಅದನ್ನು ಅವನು ಒಪ್ಪಲಿಲ್ಲ. ತರುವಾಯ ಯುವರಾಜನ ಕಾವಲುಪಡೆಯ ಆಯುಧಶಾಲೆಯಲ್ಲಿ ಒಂದು ಕಿರಿಯ ಹುದ್ದೆ ಸಿಕ್ಕಿತು. ಆಗ ಅವನ ವಯಸ್ಸು ನಾಲ್ವತ್ತು ಮೀರಿತ್ತು.

ಆ ವರ್ಷದ ಚಳಿಗಾಲದಲ್ಲಿ, ಬೇರೆ ಊರಿನಲ್ಲಿ ಬಿಟ್ಟಿದ್ದ ಹೆಂಡತಿ ಮಕ್ಕಳನ್ನು ಕಾಣಲು ಅವನು ಹೊರಟನು. ದಾರಿಯಲ್ಲಿ ಲಿ ಪರ್ವತ. ಅಲ್ಲಿಯ ಬಿಸಿನೀರಿನ ಬುಗ್ಗೆಗಳ ಅರಮನೆಯಲ್ಲಿ ಚಕ್ರವರ್ತಿಯ ವಿಹಾರ ನಡೆದಿತ್ತು. ಅದನ್ನು ದಾಟಿ, ನದಿಯನ್ನು ದಾಟಿ ಮನೆಯನ್ನು ಸಮೀಪಿಸುವಾಗ ಅಳುವಿನ ಧ್ವನಿ ಕೇಳಿಸಿತು. ಅವನ ಎಳೆಯ ಮಗು ಹಸಿವಿನಿಂದ ಸತ್ತಿತ್ತು. ಈ ಪ್ರಯಾಣವನ್ನು ಕುರಿತು ಅವನು ಐನೂರು ಅಕ್ಷರಗಳ ದೀರ್ಘ ಕವಿತೆಯೊಂದನ್ನು ಬರೆದನು. ಅದರ ಕೊನೆಯ ಭಾಗವನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಮಗುವನ್ನು ಕಳೆದುಕೊಂಡ ತಂದೆ ಅಲ್ಲಿ ತನ್ನ ದುಃಖವನ್ನು ಹೇಳಿ ನಿಲ್ಲುವುದಿಲ್ಲ. ತನ್ನ ಮನೆತನಕ್ಕೆ ತೆರಿಗೆಯಿಲ್ಲ, ತನಗೆ ಸೈನ್ಯಕ್ಕೆ ಹೋಗುವ ಬಾಧ್ಯತೆಯಿಲ್ಲ, ಹಾಗಿದ್ದೂ ತನ್ನ ಗತಿ ಹೀಗಾದರೆ ಈ ಎರಡು ಹೊರೆಗಳನ್ನೂ ಹೊತ್ತ ಸಾಮಾನ್ಯರ ಗತಿಯೇನು ಎಂದು ಲೆಕ್ಕ ಹಾಕುತ್ತಾನೆ. ತಾಂಗ್ ಕಾಲದ ಅಧಿಕಾರಿವರ್ಗಕ್ಕೆ ಯಾವ ವಿನಾಯಿತಿಗಳಿದ್ದುವೆಂಬುದಕ್ಕೆ ಕಾಯಿದೆಯ ಗ್ರಂಥಗಳು ಸಾಕ್ಷಿಯಾಗಿವೆ. ಆ ವಿನಾಯಿತಿಯನ್ನು ಅನುಭವಿಸಿದವನೊಬ್ಬನು ಅದನ್ನು ತಾನಾಗಿ ಎತ್ತಿ ಹೇಳಿ ನಾಚಿಕೊಂಡುದಕ್ಕೆ ಸಾಕ್ಷಿ ಈ ಕವಿತೆ. ಎರಡೂ ಚರಿತ್ರೆಯೇ, ಎರಡನೆಯದು ಸರಕಾರದ ಕಾಗದಗಳಲ್ಲಿ ಸಿಕ್ಕುವಂಥದಲ್ಲ.

ಕವಿತೆಯನ್ನು ಬರೆಯುವ ಹೊತ್ತಿಗೆ ಅವನಿಗೆ ತಿಳಿದಿರದಿದ್ದ ಸಂಗತಿಯೊಂದಿತ್ತು. ಈಶಾನ್ಯದ ಗಡಿಯಲ್ಲಿ ಮೂರು ಸೇನಾಪ್ರಾಂತಗಳನ್ನು ಒಬ್ಬನೇ ಕೈಯಲ್ಲಿಟ್ಟುಕೊಂಡಿದ್ದ ಆನ್ ಲೂಷಾನ್ ಎಂಬ ದಂಡನಾಯಕನು ಆ ದಿನಗಳಲ್ಲಿಯೇ ದಂಗೆಯೆದ್ದನು. ಕೆಲವೇ ವಾರಗಳಲ್ಲಿ ಪೂರ್ವದ ರಾಜಧಾನಿ ಲೋಯಾಂಗ್, 756ರ ಬೇಸಿಗೆಯಲ್ಲಿ ಚಾಂಗಾನ್ ಅವನ ಪಾಲಾದುವು. ಚಕ್ರವರ್ತಿ ನೈಋತ್ಯಕ್ಕೆ ಓಡಿಹೋದನು. ಮಗ ಸೂಜೊಂಗನು ವಾಯವ್ಯದಲ್ಲಿ ಪಟ್ಟಕ್ಕೇರಿದನು. ಹೊಸ ಅರಸನನ್ನು ಸೇರಲು ಹೊರಟ ದು ಫು ದಂಗೆಕೋರರ ಕೈಗೆ ಸಿಕ್ಕಿ ಚಾಂಗಾನಿನಲ್ಲಿ ತಿಂಗಳುಗಟ್ಟಲೆ ಸೆರೆಯಾದನು. 757ರಲ್ಲಿ ತಪ್ಪಿಸಿಕೊಂಡು, ನಾರಿನ ಕೆರವನ್ನು ಮೆಟ್ಟಿ, ಮೊಣಕೈ ಕಾಣುವ ಹರಕು ಅಂಗಿಯಲ್ಲಿ ಆಸ್ಥಾನಕ್ಕೆ ಬಂದನು. ಅರಸನು ಮೆಚ್ಚಿ, ರಾಜನ ಲೋಪಗಳನ್ನು ಎತ್ತಿ ತೋರಿಸುವ ಸಣ್ಣ ಹುದ್ದೆಯೊಂದನ್ನು ಕೊಟ್ಟನು. ಇವನು ಆ ಕೆಲಸವನ್ನು ನಿಜವೆಂದೇ ನಂಬಿದನು! ಪದಚ್ಯುತನಾದ ಮಂತ್ರಿ ಫಾಂಗ್ ಗ್ವಾನನ ಪರವಾಗಿ ಮಾತನಾಡಿ ವಿಚಾರಣೆಗೆ ಗುರಿಯಾದನು, ಕಷ್ಟದಿಂದ ಪಾರಾದನು. 758ರಲ್ಲಿ ಹ್ವಾಜೌ ಎಂಬಲ್ಲಿಗೆ ಕೆಳದರ್ಜೆಯ ಹುದ್ದೆಗೆ ತಳ್ಳಲ್ಪಟ್ಟನು. ರಾಜಸೇವೆಯ ಅವನ ಆಸೆ ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತೆನ್ನಬಹುದು.

ಇನ್ನು ನಮ್ಮ ಪ್ರಶ್ನೆಗೆ ಮುಖ್ಯವಾದ 759ನೆಯ ವರ್ಷಕ್ಕೆ ಬರೋಣ. ದಂಗೆಕೋರರು ಸೇರಿಕೊಂಡಿದ್ದ ಯೆ ಪಟ್ಟಣವನ್ನು ಒಂಬತ್ತು ಮಂದಿ ಪ್ರಾಂತಾಧಿಪತಿಗಳ ಸೇನೆಗಳು ಮುತ್ತಿದ್ದುವು. ಒಂಬತ್ತು ಸೇನೆಗಳಿಗೂ ಸೇರಿ ಒಬ್ಬ ಮಹಾಸೇನಾಪತಿಯಿರಲಿಲ್ಲ. ಮೇಲ್ವಿಚಾರಣೆಗೆಂದು ಅರಮನೆಯ ನಪುಂಸಕನೊಬ್ಬನನ್ನು ಕಳುಹಿಸಿದ್ದರು. ಪರಿಣಾಮವನ್ನು ಊಹಿಸಬಹುದು. ವಸಂತದಲ್ಲಿ ಮುತ್ತಿಗೆ ಮುರಿಯಿತು, ಸೇನೆಗಳು ಚದುರಿದುವು, ಸೇನಾನಿ ಗುವೊ ಜಿಯಿ ಹಿಮ್ಮೆಟ್ಟಿ ಹೆಯಾಂಗಿನಲ್ಲಿ ನಿಂತನು. ಕಳೆದುಹೋದ ಸೈನಿಕರ ಜಾಗಕ್ಕೆ ಹಳ್ಳಿಗಳಲ್ಲಿ ಸಿಕ್ಕಸಿಕ್ಕವರನ್ನು ಹಿಡಿಯತೊಡಗಿದರು. ಆಗ ಲೋಯಾಂಗಿನಿಂದ ಹ್ವಾಜೌವಿಗೆ ಹಿಂದಿರುಗುತ್ತಿದ್ದ ದು ಫು ದಾರಿಯುದ್ದಕ್ಕೂ ಕಂಡುದನ್ನು ಆರು ಕವಿತೆಗಳಲ್ಲಿ ಬರೆದನು. ಮೂರು ಅಧಿಕಾರಿಗಳನ್ನು ಕುರಿತುವು, ಮೂರು ಅಗಲಿಕೆಗಳನ್ನು ಕುರಿತುವು.

ಶಿನ್‌ಆನ್ ಎಂಬ ಊರನ್ನು ಕುರಿತ ಕವಿತೆಯನ್ನು ಮೊದಲು ಪರೀಕ್ಷಿಸೋಣ. ಅಲ್ಲಿ ವಯಸ್ಕರು ಮುಗಿದುಹೋದುದರಿಂದ ಮೇಲಿನ ಆಜ್ಞೆಯಂತೆ 'ನಡುವಯಸ್ಸಿನ' ಹುಡುಗರನ್ನು ಆರಿಸುತ್ತಿದ್ದೇವೆಂದು ಅಧಿಕಾರಿ ಹೇಳುತ್ತಾನೆ. ಈ ನಡುವಯಸ್ಸೆಂಬುದು ಕವಿಯ ಅಲಂಕಾರವಲ್ಲ, ಕಾಯಿದೆಯ ಪಾರಿಭಾಷಿಕ ಪದ. 744ರ ಆಜ್ಞೆಯ ಪ್ರಕಾರ ಹದಿನೆಂಟು ತುಂಬಿದವನು 'ನಡುವಯಸ್ಸಿನವನು'. ಇಪ್ಪತ್ತಮೂರು ತುಂಬಿದ ಮೇಲೆಯೇ ತೆರಿಗೆಗೂ ಸೇವೆಗೂ ಪೂರ್ಣ ಬಾಧ್ಯನಾದ ವಯಸ್ಕನು. ಎಂದರೆ ಸರಕಾರವು ತಾನು ಹದಿನೈದು ವರ್ಷಗಳ ಹಿಂದೆ ಉದಾರವಾಗಿ ಎಳೆದ ಗೆರೆಯನ್ನು ತಾನೇ ದಾಟುತ್ತಿತ್ತು. ಶಾಸನವಿಷಯದಲ್ಲಿ ಕವಿತೆಯ ಮಾತು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೆ ಅದೇ ಕವಿತೆ ಮುಂದೆ ಹೋಗುತ್ತ ಹುಡುಗರನ್ನು ಬೀಳ್ಕೊಡಲು ಬಂದವರಿಗೆ ಸಮಾಧಾನವನ್ನೂ ಹೇಳುತ್ತದೆ: ಕೆಲಸ ಹಗುರವಾದುದು, ಸೇನಾನಿ ತಂದೆಯಂತಹವನು, ಅಳಬೇಡಿರಿ. ಇದನ್ನು ನುಡಿಯುವವನು ಸಹೃದಯನಾದ ಕವಿಯೋ, ಸಂಬಳ ಪಡೆಯುವ ಅಧಿಕಾರಿಯೋ? ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಹೌದು. ದಂಗೆಯನ್ನು ಅಡಗಿಸಲೇಬೇಕೆಂದು ಅವನು ನಂಬಿದ್ದನು. ಅಡಗಿಸುವ ಬಗೆಯನ್ನು ನೋಡಲಾರದವನಾಗಿದ್ದನು. ಈ ಇಕ್ಕಟ್ಟನ್ನು ಮುಚ್ಚಿಡದಿರುವುದೇ ಕವಿತೆಯ ಪ್ರಾಮಾಣ್ಯಕ್ಕೆ ಆಧಾರ.

ಷಿಹಾವ್ ಹಳ್ಳಿಯ ಕವಿತೆ ಇದಕ್ಕಿಂತ ಚಿಕ್ಕದು. ಇಪ್ಪತ್ತನಾಲ್ಕು ಸಾಲು, ಸಾಲಿಗೆ ಐದರಂತೆ ನೂರಿಪ್ಪತ್ತು ಅಕ್ಷರ. ಸಂಜೆ ಕವಿಯು ಒಂದು ಮನೆಯಲ್ಲಿ ತಂಗುತ್ತಾನೆ. ರಾತ್ರಿ ಅಧಿಕಾರಿ ಆಳು ಹಿಡಿಯಲು ಬರುತ್ತಾನೆ. ಮನೆಯ ಮುದುಕ ಗೋಡೆ ಹಾರಿ ಓಡುತ್ತಾನೆ. ಮುದುಕಿ ಬಾಗಿಲಿಗೆ ಬರುತ್ತಾಳೆ. ಅವಳ ಮೂವರು ಮಕ್ಕಳೂ ಯೆ ಪಟ್ಟಣದ ಮುತ್ತಿಗೆಗೆ ಹೋದವರು. ಇಬ್ಬರು ಸತ್ತರೆಂದು ಉಳಿದವನು ಕಾಗದ ಬರೆದಿದ್ದಾನೆ. ಮನೆಯಲ್ಲಿ ಮೊಲೆಯುಣ್ಣುವ ಮೊಮ್ಮಗು, ಹೊರಗೆ ಬರಲು ನೆಟ್ಟಗಿನ ಬಟ್ಟೆಯಿಲ್ಲದ ಸೊಸೆ. ಕೊನೆಗೆ ಮುದುಕಿಯು ಸೈನ್ಯಕ್ಕೆ ಅಡುಗೆ ಮಾಡಲು ತಾನೇ ಬರುವೆನೆಂದು ಹೊರಡುತ್ತಾಳೆ. ಬೆಳಗ್ಗೆ ಕವಿಯು ಮುದುಕನೊಬ್ಬನಿಂದಲೇ ಬೀಳ್ಕೊಂಡು ದಾರಿ ಹಿಡಿಯುತ್ತಾನೆ.

ಈ ಕವಿತೆಯಲ್ಲಿ ಅಧಿಕಾರಿಯ ಒಂದು ಮಾತೂ ಇಲ್ಲ. ಮುದುಕಿಯ ಉತ್ತರಗಳಿಂದಲೇ ಅವನ ಪ್ರಶ್ನೆಗಳನ್ನು ನಾವು ಊಹಿಸಿಕೊಳ್ಳಬೇಕು. ಕವಿಯ ಮಾತೂ ಇಲ್ಲ. ಅವನು ಆ ರಾತ್ರಿ ಎದ್ದು ಬಂದು ತಡೆಯಬಹುದಾಗಿತ್ತಲ್ಲ, ಅವನೂ ಸರಕಾರದ ಅಧಿಕಾರಿಯೇ ತಾನೆ ಎಂದು ಆಕ್ಷೇಪಿಸಿದವರುಂಟು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಅದಕ್ಕೆ ಆಧಾರವನ್ನು ಒದಗಿಸಿದವನೂ ದು ಫುವೇ ಎಂಬುದನ್ನು ಮರೆಯಬಾರದು. ತಾನು ಆ ಮನೆಯಲ್ಲಿದ್ದೆನೆಂದು ಅವನು ಬರೆಯದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಒಂದು ನೀತಿವಾಕ್ಯವನ್ನು ಕೊನೆಗೆ ಸೇರಿಸಿ ತಾನು ಪಾರಾಗುವುದು ಸುಲಭವಾಗಿತ್ತು. ಅವನು ಹಾಗೆ ಮಾಡಲಿಲ್ಲ. ಅದೇ ವರ್ಷ ಅವನು ಹುದ್ದೆಯನ್ನು ಬಿಟ್ಟು ಸಂಸಾರಸಮೇತ ಪಶ್ಚಿಮಕ್ಕೆ ಹೊರಟುಹೋದನು. ಕ್ಷಾಮವೋ, ಆಸ್ಥಾನದ ಜುಗುಪ್ಸೆಯೋ, ಷಿಹಾವಿನಂತಹ ರಾತ್ರಿಗಳೋ, ವಿದ್ವಾಂಸರು ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದಂಗೆಗೆ ಮುಂಚಿನ 755ರ ಗಣತಿಯಲ್ಲಿ ಚೀನದ ಜನಸಂಖ್ಯೆ ಸುಮಾರು 5 ಕೋಟಿ 29 ಲಕ್ಷ. ದಂಗೆ ಅಡಗಿದ ಮರುವರ್ಷ, 764ರಲ್ಲಿ, ಸುಮಾರು 1 ಕೋಟಿ 69 ಲಕ್ಷ. ಎರಡನ್ನೂ ಕಳೆದು ಮೂರೂವರೆ ಕೋಟಿಗೂ ಮೀರಿ ಜನ ಸತ್ತರೆಂದು ಕೆಲವು ಪುಸ್ತಕಗಳಲ್ಲಿ ಬರೆದುಬಿಡುತ್ತಾರೆ. ಇದು ಸರಿಯಲ್ಲ. ಗಣತಿಯ ಲೆಕ್ಕವೆಂದರೆ ತೆರಿಗೆಯ ಪಟ್ಟಿಯಲ್ಲಿ ಹೆಸರಿದ್ದವರ ಲೆಕ್ಕ. ಯುದ್ಧದ ತರುವಾಯ ಈಶಾನ್ಯದ ಪ್ರಾಂತಗಳು ರಾಜಧಾನಿಗೆ ಪಟ್ಟಿಯನ್ನೇ ಕಳುಹಿಸುತ್ತಿರಲಿಲ್ಲ. ಲಕ್ಷಾಂತರ ಕುಟುಂಬಗಳು ದಕ್ಷಿಣಕ್ಕೆ ವಲಸೆ ಹೋಗಿ ಪಟ್ಟಿಯಿಂದ ತಪ್ಪಿಸಿಕೊಂಡಿದ್ದುವು. ಸಾವು ಅಪಾರವಾಗಿದ್ದುದು ನಿಜ. ಆದರೆ ಕುಗ್ಗಿದುದು ಬರಿಯ ಜನಸಂಖ್ಯೆಯಲ್ಲ, ಎಣಿಸುವ ಕೈಯೂ ಕುಗ್ಗಿತು. ಅಂಕಿಅಂಶವೆಂದರೆ ನಂಬಿಕೆ, ಕವಿತೆಯೆಂದರೆ ಸಂಶಯ ಎಂಬ ನಮ್ಮ ರೂಢಿಯನ್ನು ಇಂಥ ಸ್ಥಳಗಳಲ್ಲಿ ತಿರುಗಿಸಿ ನೋಡಬೇಕಾಗುತ್ತದೆ.

759ರ ಕೊನೆಗೆ ದು ಫು ಸಿಚುವಾನಿನ ಚೆಂಗ್‌ಡು ನಗರವನ್ನು ಮುಟ್ಟಿ, ಮರುವರ್ಷ ಮಿತ್ರರ ನೆರವಿನಿಂದ ಊರ ಹೊರಗೆ ಹುಲ್ಲುಮಾಡಿನ ಮನೆಯೊಂದನ್ನು ಕಟ್ಟಿಕೊಂಡನು. ಅವನ ಬದುಕಿನಲ್ಲಿ ನೆಮ್ಮದಿಯ ಕಾಲವೆಂದರೆ ಇದು. ಹೆಂಡತಿ ಕಾಗದದ ಮೇಲೆ ಚದುರಂಗದ ಮನೆ ಬರೆಯುವುದು, ಚಿಕ್ಕ ಮಗ ಸೂಜಿಯನ್ನು ಬಡಿದು ಗಾಳ ಮಾಡುವುದು ಇಂಥವೇ ಆಗ ಅವನ ಕಾವ್ಯದ ವಸ್ತು. ಒಮ್ಮೆ ಶರತ್ಕಾಲದ ಬಿರುಗಾಳಿ ಮಾಡಿನ ಹುಲ್ಲನ್ನು ಕಿತ್ತು ಎಸೆಯಿತು. ಹಳ್ಳಿಯ ಹುಡುಗರು ಅದನ್ನು ಹೊತ್ತು ಓಡಿದರು. ಕೂಗಿ ಕೂಗಿ ಗಂಟಲೊಣಗಿದ ಮುದುಕ ಹಿಂದಿರುಗಿ, ರಾತ್ರಿಯೆಲ್ಲ ಸೋರುವ ಮನೆಯಲ್ಲಿ ಕುಳಿತು, ಬಡವರಿಗೆಲ್ಲ ಆಶ್ರಯವಾಗುವ ಮಹಾಭವನವೊಂದಿದ್ದರೆ ತನ್ನ ಗುಡಿಸಲು ಬಿದ್ದರೂ ಚಿಂತೆಯಿಲ್ಲವೆಂದು ಹಾರೈಸಿದನು. ಚೀನದ ಶಾಲಾಬಾಲಕರೆಲ್ಲರೂ ಬಲ್ಲ ಕವಿತೆಯಿದು. 1962ರಲ್ಲಿ ವಿಶ್ವಶಾಂತಿ ಮಂಡಲಿಯು ಅವನ 1250ನೆಯ ಜಯಂತಿಯನ್ನು ಆಚರಿಸಿತು. ಆದರೆ 1971ರಲ್ಲಿ ಗುವೊ ಮೊರುವೊ ಎಂಬ ಪ್ರಸಿದ್ಧ ವಿದ್ವಾಂಸರು ಲಿ ಬೈ ಮತ್ತು ದು ಫು ಇಬ್ಬರನ್ನೂ ಕುರಿತ ಗ್ರಂಥದಲ್ಲಿ ಇದೇ ಕವಿತೆಯನ್ನು ಹಿಡಿದು ದು ಫುವನ್ನು ಕಟುವಾಗಿ ಟೀಕಿಸಿದರು. ಮೂರು ಪದರ ಹುಲ್ಲು ಹೊದಿಸಿದವನು ಬಡವನೆ? ಬಡ ಹುಡುಗರನ್ನು ಕಳ್ಳರೆಂದು ಕರೆದವನು ಜನರ ಕವಿಯೆ? ಇದು ಅವರ ವಾದ.

ಈ ವಾದವನ್ನು ರಾಜಕೀಯದ ಗಾಳಿಯೆಂದು ತಳ್ಳಿಬಿಡುವವರು ಬಹಳ. ನಮಗೆ ಅದು ಅಷ್ಟು ಸುಲಭವೆಂದು ತೋರುವುದಿಲ್ಲ. ದು ಫು ಬೈದದ್ದು ಹೌದು, ಬೈದುದನ್ನು ಬರೆದಿಟ್ಟದ್ದೂ ಹೌದು. ಆದರೆ ಟೀಕಾಕಾರರು ಈ ಕವಿತೆಯ ಪಕ್ಕದಲ್ಲಿ 767ರ ಇನ್ನೊಂದನ್ನು ಇಟ್ಟು ನೋಡಬೇಕು. ಆಗ ಅವನು ಯಾಂಗ್‌ತ್ಸೆ ನದಿಯ ಕಮರಿಗಳ ಬಾಯಲ್ಲಿರುವ ಕ್ವೇಜೌ ಎಂಬಲ್ಲಿದ್ದನು. ತಾನಿದ್ದ ಮನೆಯನ್ನು ನೆಂಟನಾದ ವು ಎಂಬ ತರುಣನಿಗೆ ಬಿಟ್ಟುಕೊಟ್ಟಿದ್ದನು. ಮನೆಯ ಮುಂದೆ ಬೋರೆಯ ಜಾತಿಯ ಒಂದು ಹಣ್ಣಿನ ಮರ. ಪಕ್ಕದ ಮನೆಯ ಮಕ್ಕಳಿಲ್ಲದ ವಿಧವೆ ಹಣ್ಣು ಬಡಿದುಕೊಂಡು ಹೋಗುತ್ತಿದ್ದಳು; ದು ಫು ಇದ್ದಷ್ಟು ದಿನ ಬೇಡವೆನ್ನಲಿಲ್ಲ. ಹೊಸಬನು ಬಂದವನೇ ಬೇಲಿ ಹಾಕಿದನು. ಅದನ್ನು ಕೇಳಿ ದು ಫು ಅವನಿಗೆ ಎಂಟು ಸಾಲಿನ ಪದ್ಯವೊಂದನ್ನು ಕಾಗದದಂತೆ ಬರೆದು ಕಳುಹಿಸಿದನು. ಬಡತನವಿಲ್ಲದಿದ್ದರೆ ಅವಳು ಹೀಗೆ ಮಾಡುತ್ತಿದ್ದಳೆ, ಅವಳಿಗೆ ನಾಚಿಕೆಯಾಗದಂತೆ ನಾವೇ ಹತ್ತಿರವಾಗಬೇಕಲ್ಲವೆ, ತೆರಿಗೆಯವರು ಅವಳನ್ನು ಈಗಾಗಲೇ ಎಲುಬಿನವರೆಗೆ ಸುಲಿದಿದ್ದಾರೆ ಎಂಬುದು ಅದರ ಸಾರಾಂಶ. ನೆಂಟನಿಗೂ ಮನಸ್ಸು ನೋಯಬಾರದೆಂದು, ನೀನು ಬೇಲಿ ಹಾಕಿದ್ದು ಅವಳಿಗಾಗಿ ಅಲ್ಲವೆಂದು ಬಲ್ಲೆ ಎಂಬ ಧ್ವನಿಯೂ ಅಲ್ಲಿದೆ. ಹುಡುಗರನ್ನು ಬೈದವನೂ ವಿಧವೆಯ ಪರವಾಗಿ ಬರೆದವನೂ ಒಬ್ಬನೇ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಮನುಷ್ಯನೂ ಸಿಕ್ಕುವುದಿಲ್ಲ, ಚರಿತ್ರೆಯೂ ಸಿಕ್ಕುವುದಿಲ್ಲ.

ಮಧ್ಯದ ಘಟನೆಗಳನ್ನು ಬೇಗ ಹೇಳಿ ಮುಗಿಸಬಹುದು. ಆಶ್ರಯದಾತನಾದ ಪ್ರಾಂತಾಧಿಪತಿ ಯಾನ್ ವು 764ರಲ್ಲಿ ಅವನಿಗೆ ಸಲಹೆಗಾರನ ಕೆಲಸವನ್ನೂ ನಿರ್ಮಾಣ ಇಲಾಖೆಯ ಗೌರವಪದವಿಯೊಂದನ್ನೂ ಕೊಡಿಸಿದನು, 765ರಲ್ಲಿ ತೀರಿಕೊಂಡನು. ದು ಫು ಚೆಂಗ್‌ಡು ಬಿಟ್ಟು ನದಿಯ ಜಾಡು ಹಿಡಿದನು. ಕ್ವೇಜೌವಿನಲ್ಲಿ ಎರಡು ವರ್ಷವೂ ಪೂರ್ತಿ ಇರಲಿಲ್ಲ. ಅಷ್ಟರಲ್ಲಿ ನಾನೂರಕ್ಕೂ ಹೆಚ್ಚು ಪದ್ಯಗಳನ್ನು ಬರೆದನು. ಶ್ವಾಸಕೋಶದ ಬೇನೆ, ಸಿಹಿಮೂತ್ರ ರೋಗ, ಒಂದು ಕಿವಿ ಕಿವುಡು. ಇವೆಲ್ಲವನ್ನೂ ಪದ್ಯಗಳಲ್ಲಿಯೇ ಹೇಳಿಕೊಂಡಿದ್ದಾನೆ. ರಾಜಧಾನಿಯ ಗತವೈಭವವನ್ನು ನೆನೆಯುವ ಎಂಟು ಶರತ್ಕಾಲದ ಪದ್ಯಗಳು ಇಲ್ಲಿಯವೇ. ಎಂಟು ಸಾಲು, ಸಾಲಿಗೆ ಏಳು ಅಕ್ಷರ, ನಡುವಣ ನಾಲ್ಕು ಸಾಲುಗಳಲ್ಲಿ ಪದಕ್ಕೆ ಪದ ಜೋಡಿಯಾಗಬೇಕು, ಸ್ವರದ ಏರಿಳಿತಕ್ಕೂ ಕಟ್ಟುಪಾಡು: ಇಂಥ ಬಿಗಿಯಾದ ಛಂದಸ್ಸಿನಲ್ಲಿ ಅವನನ್ನು ಮೀರಿಸಿದವರಿಲ್ಲವೆಂದು ಚೀನೀ ಲಾಕ್ಷಣಿಕರ ಮತ. ಆದರೆ ನಮ್ಮ ಮನಸ್ಸು ಸಣ್ಣ ಪದ್ಯಗಳ ಕಡೆಗೆ ಹೋಗುತ್ತದೆ. ಬೆಟ್ಟದಿಂದ ನೀರು ತರುವ ಬಿದಿರಿನ ಕೊಳವೆ ಕೆಟ್ಟಾಗ ಬಿಸಿಲಲ್ಲಿ ಹೋಗಿ ಸರಿಪಡಿಸಿ ಬಂದ ಶಿನ್‌ಶಿಂಗ್ ಎಂಬ ಆಳನ್ನು ಹೆಸರು ಹಿಡಿದು ಹೊಗಳಿ, ತನ್ನ ಊಟದಲ್ಲಿ ಅವನಿಗೂ ಪಾಲು ಕೊಟ್ಟುದನ್ನು ಬರೆಯುತ್ತಾನೆ. ಗಂಡಸರು ಯುದ್ಧಕ್ಕೆ ಬಲಿಯಾದುದರಿಂದ ನಾಲ್ವತ್ತು ಐವತ್ತಾದರೂ ಮದುವೆಯಿಲ್ಲದೆ ಸೌದೆ ಹೊತ್ತು ಮಾರುವ ಆ ಊರಿನ ಹೆಂಗಸರನ್ನು ಕುರಿತು ಬರೆಯುತ್ತಾನೆ. ಯಾವ ರಾಜವಂಶದ ಅಧಿಕೃತ ಇತಿಹಾಸದಲ್ಲಿ ಇವರಿಗೆ ಒಂದು ಸಾಲು ದೊರೆತೀತು?

ಅಧಿಕೃತ ಇತಿಹಾಸವೆಂದೊಡನೆ ಅವನ ಮರಣದ ವಿಚಾರ ನೆನಪಿಗೆ ಬರುತ್ತದೆ. 768ರಲ್ಲಿ ಕ್ವೇಜೌ ಬಿಟ್ಟು ದೋಣಿಯಲ್ಲಿಯೇ ಸಂಸಾರ ಮಾಡಿಕೊಂಡು ತಿರುಗುತ್ತ, 770ರಲ್ಲಿ ಹುನಾನಿನ ಲೈಯಾಂಗ್ ಬಳಿ ಪ್ರವಾಹಕ್ಕೆ ಸಿಕ್ಕಿಕೊಂಡನು. ಅಲ್ಲಿಯ ಅಧಿಕಾರಿ ಮಾಂಸವನ್ನೂ ಮದ್ಯವನ್ನೂ ಕಳುಹಿಸಿದನು. ಹಸಿದಿದ್ದವನು ಅದನ್ನು ಅತಿಯಾಗಿ ತಿಂದು ಒಂದೇ ರಾತ್ರಿಯಲ್ಲಿ ಸತ್ತನೆಂದು ತಾಂಗ್ ವಂಶದ ಹಳೆಯ ಅಧಿಕೃತ ಇತಿಹಾಸವು ಬರೆಯುತ್ತದೆ. ಅಷ್ಟೇ ಅಲ್ಲ, ವರ್ಷವನ್ನು 766 ಎಂದು ಕೊಡುತ್ತದೆ. ಆದರೆ ಆ ಉಪಕಾರಕ್ಕೆ ಕೃತಜ್ಞತೆ ಹೇಳಿ ದು ಫುವೇ ಬರೆದ ಕವಿತೆ ಉಳಿದಿದೆ. ಆಮೇಲೆ ಬರೆದ ಪದ್ಯಗಳೂ ಇವೆ. 766ರ ನಂತರದವಂತೂ ನೂರಾರು! ಅವನು 770ರ ಚಳಿಗಾಲದಲ್ಲಿ ದೋಣಿಯ ಪ್ರಯಾಣದಲ್ಲಿಯೇ, ಚೀನೀ ಲೆಕ್ಕದಂತೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನೆಂಬುದು ಈಗ ಸಾಮಾನ್ಯವಾಗಿ ಒಪ್ಪಿದ ಮತ. ಇಲ್ಲಿ ಕವಿತೆಯು ಇತಿಹಾಸವನ್ನು ತಿದ್ದಿದೆ.

ಬದುಕಿದ್ದಾಗ ಅವನಿಗೆ ದೊಡ್ಡ ಹೆಸರಿರಲಿಲ್ಲ. ಯಿನ್ ಫಾನ್ ಎಂಬವನು ಆ ಕಾಲದಲ್ಲಿ ಮಾಡಿದ ಪ್ರಸಿದ್ಧ ಪದ್ಯಸಂಕಲನದಲ್ಲಿ ದು ಫುವಿನ ಒಂದು ಪದ್ಯವೂ ಇಲ್ಲ. ನಾಲ್ವತ್ತು ದಾಟಿದಾಗ ತಾನು ಸಾವಿರಕ್ಕೂ ಹೆಚ್ಚು ರಚನೆಗಳನ್ನು ಮಾಡಿರುವೆನೆಂದು ಅವನೇ ಅರಸನಿಗೆ ಬಿನ್ನವಿಸಿಕೊಂಡಿದ್ದನು. ಅವುಗಳಲ್ಲಿ ಬಹುಭಾಗ ನಾಶವಾಯಿತು. 1039ರಲ್ಲಿ ವಾಂಗ್ ಜು ಎಂಬ ಸೊಂಗ್ ಕಾಲದ ವಿದ್ವಾಂಸನು ಚದುರಿಹೋಗಿದ್ದ ಪ್ರತಿಗಳನ್ನು ಕೂಡಿಸಿ 1405 ಪದ್ಯಗಳ ಆವೃತ್ತಿಯನ್ನು ಸಿದ್ಧಪಡಿಸಿದನು. 1059ರಲ್ಲಿ ಅದು ಮುದ್ರಣವಾಯಿತು. ಅಲ್ಲಿಂದ ಮುಂದೆ ಕೀರ್ತಿ ಕುಂದಲಿಲ್ಲ. ಮಂಗೋಲರ ಸೆರೆಮನೆಯಲ್ಲಿದ್ದ ಸೊಂಗ್ ಮಂತ್ರಿ ವೆನ್ ತಿಯಾನ್‌ಶಿಯಾಂಗನು ದು ಫುವಿನ ಸಾಲುಗಳನ್ನೇ ಆಯ್ದು ಜೋಡಿಸಿ ಇನ್ನೂರು ಪದ್ಯಗಳನ್ನು ಮಾಡಿದನು. ಮೇಲೆ ಹೇಳಿದ ವಿಲಿಯಂ ಹಂಗ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದಾಗ ದು ಫುವಿನ ಪದ್ಯಗಳ ಪ್ರತಿಯೊಂದನ್ನು ಬೇಡಿದರು. ಅದು ಅವರಿಗೆ ದೊರೆಯಲಿಲ್ಲ. ಬಿಡುಗಡೆಯಾದ ಮೇಲೆ ಅವರು ಬರೆದುದೇ ಆ ಜೀವನಚರಿತ್ರೆ.

ಕವಿಯ ಅಸ್ಥಿಗಳ ವಿಷಯ ಉಳಿಯಿತು. ಅವನ್ನು ಹುಟ್ಟುನಾಡಿನ ಹಿರಿಯರ ಸಮಾಧಿಗಳ ಬಳಿಗೆ ಒಯ್ಯುವಷ್ಟು ಅನುಕೂಲ ಮಗನಾದ ಜೊಂಗ್‌ವುವಿಗೆ ಒದಗಲಿಲ್ಲ. 813ರಲ್ಲಿ, ಎಂದರೆ ನಾಲ್ವತ್ತಮೂರು ವರ್ಷಗಳ ತರುವಾಯ, ಮೊಮ್ಮಗ ಸಿಯೆಯು ದಾರಿಯುದ್ದಕ್ಕೂ ಬೇಡಿ ಹಣ ಕೂಡಿಸಿ ಅವನ್ನು ಲೋಯಾಂಗಿನ ಸಮೀಪದ ಯಾನ್‌ಷಿಗೆ ಹೊತ್ತೊಯ್ದನು. ಹೋಗುವ ದಾರಿಯಲ್ಲಿ ಯುವಾನ್ ಜೆನ್ ಎಂಬ ಕವಿಯನ್ನು ಕಂಡು ಅಜ್ಜನ ಸಮಾಧಿಗೆ ಒಂದು ಲೇಖವನ್ನು ಬರೆದುಕೊಡಬೇಕೆಂದು ಕೇಳಿದನು. ಯುವಾನ್ ಜೆನ್ ಬರೆದುಕೊಟ್ಟನು. ಕವಿಗಳಾದವರಲ್ಲಿ ಇವನಂತಹವನು ಹಿಂದೆ ಇರಲಿಲ್ಲವೆಂಬ ಅಭಿಪ್ರಾಯ ಮೊದಲಿಗೆ ಸ್ಪಷ್ಟವಾಗಿ ಕಾಣುವುದು ಆ ಲೇಖದಲ್ಲಿಯೇ.